ಮನೆಯವರನ್ನೆಲ್ಲ ಒಂದೇ ಸಲ ಅಕ್ಕಿ ಬಿಡಿಸಿ ಸಿರಿಧಾನ್ಯಕ್ಕೆ ತರೋದು ಹೇಗೆ? ಮಾವನಿಗೆ ಶುಗರ್ ಇದೆ, ಅತ್ತೆ ಒಪ್ತಿಲ್ಲ

ಒಂದೇ ಸಲ ಮಾತ್ರ ಮಾಡ್ಬೇಡಿ, ಕೈ ಮುಗಿದು ಕೇಳ್ಕೋತೀನಿ. ನಾನು ಮಾಡಿದ್ದೆ, 2023ರಲ್ಲಿ. ವಿಶ್ವಸಂಸ್ಥೆಯೋರು ಆ ವರ್ಷನ ಸಿರಿಧಾನ್ಯ ವರ್ಷ ಅಂತ ಘೋಷಿಸಿದ್ರಲ್ಲ, ಎಲ್ಲಿ ನೋಡಿದ್ರೂ ಮೇಳ, ವಿಡಿಯೋ. ನಾವು ತುಮಕೂರಿನೋರು, ಮನೇಲಿ ಐದು ಜನ, ನಮ್ಮ ಮಾವನಿಗೂ ಶುಗರ್. ನವಣೆ, ಸಾಮೆ, ಹಾರಕ ಐದೈದು ಕೆಜಿ ತಂದು, ಇದ್ದ ಅಕ್ಕಿನೆಲ್ಲ ಕೆಲಸಕ್ಕೆ ಬರೋ ಅಮ್ಮನಿಗೆ ಕೊಟ್ಬಿಟ್ಟೆ. ಅತ್ತೆ ಅಂದಿದ್ದು ಒಂದೇ ಮಾತು, "ಅವರು ಮಾತ್ರೆ ನುಂಗೋರು ಕಣಮ್ಮ, ರಾತ್ರಿ ಹೊಟ್ಟೆ ತುಂಬ ಉಣ್ಬೇಕು." ಹಳೇ ಕಾಲದ ಮಾತು ಅಂತ ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ.

ಹಾರಕ ನೆನೆಹಾಕದೆ ಬೇಯಿಸ್ತಿದ್ದೆ, ಮಾವನಿಗೆ ಗಂಟಲಲ್ಲಿ ಇಳೀತಾನೇ ಇರ್ಲಿಲ್ಲ, ನಾಲ್ಕು ತುತ್ತು ತಿಂದು ಎದ್ದುಬಿಡೋರು. ಮೂರು ದಿನ ಆದ್ಮೇಲೆ ರಾತ್ರಿಗೆ ಅದೂ ಬೇಡ ಅಂತ ಬರೀ ಹೆಸರುಬೇಳೆ ಕೋಸಂಬರಿ, ಮಜ್ಜಿಗೆ ಕೊಟ್ಟೆ. ಮಾತ್ರೆ ಮಾತ್ರ ಹಿಂದಿನ ಹಾಗೇ, ಬೆಳಿಗ್ಗೆ ಒಂದು ರಾತ್ರಿ ಒಂದು, ಗ್ಲಿಮೆಪಿರೈಡ್ ಸೇರಿರೋದು. ಆ ಮಾತ್ರೆ ಮೈಯೊಳಗೆ ಇನ್ಸುಲಿನ್ ಜಾಸ್ತಿ ಬಿಡಿಸುತ್ತೆ, ನೀವು ಊಟ ಮಾಡಿದೀರೋ ಇಲ್ವೋ ಅದಕ್ಕೆ ಗೊತ್ತಾಗಲ್ಲ. ನಡುರಾತ್ರಿ ಮೂರು ಗಂಟೆಗೆ ಅತ್ತೆ ಕೂಗಿದ್ರು, ಹೋಗಿ ನೋಡಿದ್ರೆ ಮಾವನ ಬನಿಯನ್ ಬೆವರಲ್ಲಿ ಒದ್ದೆ, ಕೈ ನಡುಗ್ತಿದೆ, ಏನೇನೋ ತೊದಲ್ತಿದಾರೆ. ಮೀಟರಲ್ಲಿ 52. ಎಪ್ಪತ್ತಕ್ಕಿಂತ ಕಮ್ಮಿ ಬಂದ್ರೇ ಲೋ ಶುಗರ್. ಪುಣ್ಯಕ್ಕೆ ಎಚ್ಚರ ಇತ್ತು, ನುಂಗೋ ಹಾಗಿದ್ರು, ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದ್ವಿ, ಕಾಲು ಗಂಟೆ ಬಿಟ್ಟು ನೋಡಿದ್ರೆ 78, ಆಮೇಲೆ ಹಾಲು ಬ್ರೆಡ್ಡು. (ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬಾರ್ದು, ಸೀದಾ ಆಸ್ಪತ್ರೆಗೆ.)

ಬೆಳಿಗ್ಗೆ ಡಾಕ್ಟ್ರು ಕೇಳಿದ್ದು ಇಷ್ಟೇ, ಊಟ ಅರ್ಧಕ್ಕೆ ಇಳಿಸಿದೀರಿ, ನನಗೆ ಒಂದು ಮಾತು ಯಾಕೆ ಹೇಳಲಿಲ್ಲ? ನನ್ನ ತಪ್ಪು ಅದೇ. ಔಷಧಿ ಅಂದ್ರೆ ಡಾಕ್ಟ್ರ ವಿಷಯ, ಅಡುಗೆ ಅಂದ್ರೆ ನನ್ನ ವಿಷಯ ಅಂತ ಎರಡನ್ನೂ ಬೇರೆಬೇರೆ ಇಟ್ಕೊಂಡಿದ್ದೆ. ಅಕ್ಕಿ ನೋಡ್ಕೊಂಡೇ ಬರೆದ ಡೋಸು ಅದು, ಅಕ್ಕಿ ತೆಗೆದ್ರೆ ಡೋಸೂ ನೋಡ್ಬೇಕಿತ್ತು. ನಾನು ಮೊದಲೇ ಒಂದು ಫೋನ್ ಮಾಡಿದ್ರೆ ಆ ರಾತ್ರಿ ಬರ್ತಾನೇ ಇರ್ಲಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಬಂದ್ರೆ, ಅಕ್ಕಿ ಬಿಡಿಸಲೇಬೇಕು ಅನ್ನೋದನ್ನೇ ನಾನು ಒಪ್ಪಲ್ಲ. ನವಣೆ ಅನ್ನನೂ ತಟ್ಟೆ ತುಂಬ ತಿಂದ್ರೆ ಶುಗರ್ ಏರೇ ಏರುತ್ತೆ. ನಮ್ಮನೇಲಿ ತೊಂದ್ರೆ ಇದ್ದಿದ್ದು ಜಾಸ್ತಿ ಎಣ್ಣೆದು, ಮತ್ತೆ ಅನ್ನದ ಗುಡ್ಡೆದು. ಐದು ಜನಕ್ಕೆ ತಿಂಗಳಿಗೆ ಆರು ಲೀಟರ್ ಎಣ್ಣೆ ಬರ್ತಿತ್ತು, ಲೆಕ್ಕ ಹಾಕಿ, ತಲೆಗೆ ದಿನಕ್ಕೆ 40 ಎಂಎಲ್! ಈಗ ಮೂರೂವರೆಗೆ ಇಳಿದಿದೆ, ಬೆಳಿಗ್ಗೆ ಒಂದು ಲೋಟಕ್ಕೆ ಅಳೆದು ಇಡ್ತೀವಿ, ಆ ದಿನಕ್ಕೆ ಅಷ್ಟೇ. ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಒಂದು ಸೌಟು ಅನ್ನ, ಮಿಕ್ಕಿದ್ದೆಲ್ಲ ಪಲ್ಯ, ಕಾಳು, ಮಜ್ಜಿಗೆ. ವಾರದಲ್ಲಿ ಮೂರು ದಿನ ಬಸ್ಸಾರು ಮಾಡ್ತೀವಿ, ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಲ್ಲಿ ಸಾರು, ಬಸಿದಿದ್ದರಲ್ಲಿ ಪಲ್ಯ, ಎಣ್ಣೆ ಒಗ್ಗರಣೆಗೆ ಒಂದು ಚಮಚ ಸಾಕು. ಇದು ಅತ್ತೆಯ ಕೈ ಅಡುಗೆ, ಇಪ್ಪತ್ತು ವರ್ಷದಿಂದ ಅವರಿಗೆ ಗೊತ್ತಿದ್ದಿದ್ದೇ, ನಾನು ಕೇಳಿರ್ಲಿಲ್ಲ. ನಿಮ್ಮತ್ತೆ ಒಪ್ತಿಲ್ಲ ಅಂದ್ರಲ್ಲ, ಒಪ್ಸೋಕೆ ಹೋಗ್ಬೇಡಿ, ಯಾಕೆ ಬೇಡ ಅಂತಿದಾರೆ ಅಂತ ಕೂತು ಕೇಳಿ. ಸಾಮೆ ಬೇಕಿದ್ರೆ ವಾರಕ್ಕೆರಡು ದಿನ ಉಪ್ಪಿಟ್ಟು ಮಾಡಿ, ನಮ್ಮನೇಲಿ ಅದು ಎಲ್ರಿಗೂ ಹಿಡಿಸಿದೆ.

ಆದ್ರೆ ಅದಕ್ಕೂ ಮುಂಚೆ, ಇವತ್ತೇ, ಮಾವನ ಮಾತ್ರೆ ಪಟ್ಟಿ ತೆಗೆದು ಹೆಸರು ಓದಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಅಂತ ಏನಾದ್ರೂ ಇದ್ರೆ, ಇಲ್ಲಾ ಇನ್ಸುಲಿನ್ ತಗೋತಿದ್ರೆ, ಡಾಕ್ಟ್ರಿಗೆ ಹೇಳೋವರೆಗೂ ಅವರ ರಾತ್ರಿ ಅನ್ನ ಒಂದು ತುತ್ತೂ ಕಮ್ಮಿ ಮಾಡ್ಬೇಡಿ.