ಒಂದು ಕಡೆ ಚೌಕ, ಇನ್ನೊಂದು ಕಡೆ ದುಂಡು ಬ್ರ್ಯಾಕೆಟ್ ಎಂತಕೆ?

ಪ್ರಶ್ನೆ: ನಾನು ಬಿಎಸ್ಸಿ ವಿದ್ಯಾರ್ಥಿನಿ. ಪರೀಕ್ಷೆಗೆ ಒಂದು ಪವರ್ ಸೀರೀಸ್ ಬಂದಿತ್ತು, ಮೇಲೆ ಎಕ್ಸ್ ಮೈನಸ್ 2ರ ಎನ್‌ನೇ ಪವರ್, ಕೆಳಗೆ ಎನ್ ಇಂಟು 3ರ ಎನ್‌ನೇ ಪವರ್. ರೇಶಿಯೋ ಟೆಸ್ಟ್ ಹಾಕಿ ರೇಡಿಯಸ್ 3 ಬಂತು, ಮೈನಸ್ 1ರಿಂದ 5ರವರೆಗೆ ಅಂತ ಬರೆದೆ, ಆದ್ರೂ ಮಾರ್ಕ್ ಕಟ್. ಮೈನಸ್ 1ಕ್ಕೆ ಚೌಕ ಬ್ರ್ಯಾಕೆಟ್, 5ಕ್ಕೆ ದುಂಡು ಬ್ರ್ಯಾಕೆಟ್ ಅಂತೆ. ಎರಡೂ 2ರಿಂದ ಅಷ್ಟೇ ದೂರ ಅಲ್ವಾ ಸರ್?
ಓದುಗಿ, ಉಡುಪಿ

ಉತ್ತರ: ದೂರ ಒಂದೇ ಮಾರಾಯ್ತಿ, ಅದ್ರಲ್ಲಿ ತಕರಾರಿಲ್ಲ. ರೇಡಿಯಸ್ 3 ಅಂದ್ರೆ 2ರಿಂದ 3ಕ್ಕಿಂತ ಕಡಿಮೆ ದೂರದಲ್ಲಿ ಸೀರೀಸಿನ ಮೊತ್ತ ಒಂದು ಸಂಖ್ಯೆಗೆ ನಿಲ್ತದೆ; ತುದಿಯಲ್ಲೂ ನಿಂತ್ರೆ ಚೌಕ ಬ್ರ್ಯಾಕೆಟ್, ಇಲ್ಲಾಂದ್ರೆ ದುಂಡು. ಆದ್ರೆ ರೇಶಿಯೋ ಟೆಸ್ಟಿಗೆ ಕೆಳಗಿರುವ ಎನ್ ಕಾಣುದೇ ಇಲ್ಲ, ಯಾಕಂದ್ರೆ ಪಕ್ಕದ ಟರ್ಮಿಂದ ಭಾಗಿಸಿದಾಗ ಅದು ಎನ್ ಬೈ ಎನ್ ಪ್ಲಸ್ 1 ಆಗಿ 1ರ ಹತ್ರ ಹೋಗಿ ಮಾಯ ಆಗ್ತದೆ, ತುದಿಯಲ್ಲಿ ತೀರ್ಮಾನ ಮಾಡುದು ಮಾತ್ರ ಅದೇ ಎನ್. ಹಾಗಾಗಿ ಎರಡೂ ತುದಿಯನ್ನ ಸೀರೀಸಿಗೇ ಹಾಕಿ ನೋಡ್ಬೇಕು, ಬೇರೆ ದಾರಿ ಇಲ್ಲ.

5 ಹಾಕಿದ್ರೆ 3ರ ಪವರ್ ಎಲ್ಲ ಹೊಡೆದು ಹೋಗಿ ಉಳಿಯುದು 1 ಪ್ಲಸ್ 1/2 ಪ್ಲಸ್ 1/3 ಹೀಗೆ. ಕ್ಯಾಲ್ಕುಲೇಟರ್ ನಂಬಿದ್ರೆ ಕೆಟ್ಟಿರಿ, ಮೊತ್ತ 10 ದಾಟ್ಲಿಕ್ಕೇ 12,367 ಟರ್ಮ್ ಬೇಕು, ನಿಂತೇ ಹೋಯ್ತು ಅಂತ ಅನ್ನಿಸ್ತದೆ. ಆದ್ರೆ 1/3, 1/4 ಕೂಡಿಸಿ, ಅರ್ಧಕ್ಕಿಂತ ಜಾಸ್ತಿ. 1/5ರಿಂದ 1/8ರವರೆಗೆ ಕೂಡಿಸಿ, ಮತ್ತೂ ಅರ್ಧಕ್ಕಿಂತ ಜಾಸ್ತಿ. ಆಮೇಲಿನ ಎಂಟು ಟರ್ಮೂ ಹಾಗೇ. ಅರ್ಧ ಅರ್ಧ ಸೇರ್ತಾನೇ ಹೋದ್ರೆ ನಿಲ್ಲುದೆಲ್ಲಿ? 14ನೇ ಶತಮಾನದಲ್ಲೇ ಫ್ರಾನ್ಸಿನ ನಿಕೋಲ್ ಒರೆಮ್ ತೋರಿಸಿದ ಉಪಾಯ ಇದು. 5 ಹೊರಗೆ.

ಮೈನಸ್ 1 ಹಾಕಿದ್ರೆ ಅದೇ ಟರ್ಮುಗಳು ಒಂದು ಮೈನಸ್ ಒಂದು ಪ್ಲಸ್, ಸಣ್ಣ ಆಗ್ತಾ ಆಗ್ತಾ ಸೊನ್ನೆಗೆ ಹೋಗ್ತವೆ, ಹೀಗಿದ್ರೆ ಮೊತ್ತ ನಿಲ್ತದೆ ಅನ್ನುವ ಲೈಬ್ನಿಝ್ ಟೆಸ್ಟ್ ಸಾಕು, ಮೈನಸ್ 1 ಒಳಗೆ. ಮೊತ್ತ ಸುಮಾರು ಮೈನಸ್ 0.693, ಅಂದ್ರೆ 2ರ ನ್ಯಾಚುರಲ್ ಲಾಗ್‌ಗೆ ಮೈನಸ್.

ಎಡಕ್ಕೆ ಚೌಕ ಬಲಕ್ಕೆ ದುಂಡು ಅಂತ ಬಾಯಿಪಾಠ ಮಾತ್ರ ಮಾಡ್ಬೇಡಿ. ಎನ್ ಬದ್ಲು ಎನ್ ಸ್ಕ್ವೇರ್ ಇದ್ರೆ ಎರಡೂ ಚೌಕ, ಎನ್ ಇಲ್ಲವೇ ಇಲ್ಲ ಅಂದ್ರೆ ಎರಡೂ ದುಂಡು, ರೇಡಿಯಸ್ ಮೂರಕ್ಕೂ 3.

ಇನ್ನು ತುದಿ ಒಳಗೆ ಬಂತು ಅಂದ್ರೆ ಲೆಕ್ಕಕ್ಕೆ ಉಪಯೋಗ ಆಗ್ತದೆ ಅಂತಲೂ ಅಲ್ಲ. ತಲಪಾಡಿ ದಾಟಿದ್ರೆ ಸಿಗುವ ಕೇರಳದಲ್ಲೇ ಇದ್ದ ಗಣಿತಜ್ಞ ಮಾಧವನ ಹೆಸರಲ್ಲಿರುವ ಟ್ಯಾನ್ ಇನ್ವರ್ಸ್ ಸೀರೀಸ್ ಉಂಟಲ್ಲ, ಅದಕ್ಕೆ ಮೈನಸ್ 1, 1 ಎರಡೂ ತುದಿ ಸೇರ್ತವೆ, 1 ಹಾಕಿದ್ರೆ ಪೈ ಬೈ 4. ಆದ್ರೆ 100 ಟರ್ಮ್ ಕೂಡಿಸಿದ್ರೂ ಪೈ 3.13 ಹತ್ರವೇ ಒದ್ದಾಡ್ತದೆ! ಅದೇ ಸೀರೀಸಿಗೆ ಒಳಗಿನ 1 ಬೈ ರೂಟ್ 3 ಹಾಕಿ, 21 ಟರ್ಮಲ್ಲಿ 11 ದಶಮಾಂಶ ಸ್ಥಾನ ಸಿಗ್ತದೆ.