ಸ್ಮಾರ್ಟ್ ಬೋರ್ಡ್‌ನಲ್ಲಿ ಅರ್ಥವಾದ ಪಾಠವನ್ನು ಮಕ್ಕಳು ಮರುವಾರವೇ ಏಕೆ ಮರೆಯುತ್ತಾರೆ?

ನೋಡಿದ್ದು ಸಾಕಷ್ಟಾಯಿತು, ನೆನಪಿಸಿಕೊಂಡದ್ದು ಸಾಲಲಿಲ್ಲ, ಕಾರಣ ಇಷ್ಟೇ. ಪರದೆಯ ಮೇಲೆ ಎಲ್ಲವೂ ಸಿದ್ಧವಾಗಿ ಕಾಣುವಾಗ ‘ಗೊತ್ತಾಯಿತು’ ಎಂಬ ಭಾವನೆ ಬೇಗ ಬರುತ್ತದೆ. ಆದರೆ ನೆನಪು ಗಟ್ಟಿಯಾಗುವುದು ಕಲಿತದ್ದನ್ನು ಯಾವ ಆಸರೆಯೂ ಇಲ್ಲದೆ ತಲೆಯಿಂದ ಹೊರತೆಗೆಯಲು ಹೆಣಗಿದಾಗ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನು ಕಾಲೇಜು ವಿದ್ಯಾರ್ಥಿಗಳಲ್ಲಿ ತೋರಿಸಿದರು. ಒಂದು ಬರಹವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ವಾರ ಕಳೆದ ಮೇಲೆ ಅವರಲ್ಲಿ ಉಳಿದದ್ದು ಸುಮಾರು ಶೇ 42. ಒಮ್ಮೆ ಓದಿ, ನೋಡದೆ ನೆನಪಿನಿಂದ ಬರೆದವರಲ್ಲಿ ಶೇ 56.

ಬೆಂಗಳೂರಿನ ನನ್ನ ತರಗತಿಯಲ್ಲಿ, ತೊರೆಕಾಡನಹಳ್ಳಿಯಿಂದ ನಗರಕ್ಕೆ ಕಾವೇರಿ ನೀರು ಬರುವ ವಿಡಿಯೊ ತೋರಿಸುವಾಗ ನಡುವೆ ಪರದೆ ಆರಿಸಿ ಕೇಳುತ್ತೇನೆ: ‘ನೀರು ತಾನಾಗಿಯೇ ಹರಿದು ಬರುವುದಿಲ್ಲವೇಕೆ?’ ಪ್ರತಿಯೊಬ್ಬರೂ ಮೊದಲು ಬರೆಯಬೇಕು, ಆಮೇಲೆ ಪಕ್ಕದವರಿಗೆ ವಿವರಿಸಬೇಕು. ನಗರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನೀರು ಬರುವ ಜಾಗ ಅದಕ್ಕಿಂತ ತಗ್ಗಿನಲ್ಲಿದೆ, ಅದಕ್ಕೇ ಪಂಪ್ ಬೇಕು ಎಂದು ಮಗು ತಾನೇ ತಡಕಾಡಿ ಹೇಳಿದ ಉತ್ತರ ಮನಸ್ಸಿನಲ್ಲಿ ನಿಲ್ಲುತ್ತದೆ. ತಪ್ಪಾದರೂ ಚಿಂತೆಯಿಲ್ಲ, ಕೂಡಲೇ ತಿದ್ದಿದರೆ ಸಾಕು. ದಯವಿಟ್ಟು ಇದಕ್ಕೆ ಅಂಕ ಕೊಡಬೇಡಿ. ಅಂಕದ ಭಯ ಬಂದರೆ ಮಕ್ಕಳು ನೆನಪಿಸಿಕೊಳ್ಳುವ ಬದಲು ಪಕ್ಕದ ಪುಸ್ತಕ ನೋಡುತ್ತಾರೆ. ಅದೇ ಪ್ರಶ್ನೆಯನ್ನು ಮುಂದಿನ ವಾರ ಮತ್ತೊಮ್ಮೆ ಕೇಳಿ.