ಪ್ರತಿಕ್ರಿಯೆ: 200 ಎಂಬಿಪಿಎಸ್ ಪ್ಲಾನ್ ಇದ್ದರೂ ಕೇಬಲ್‌ನಲ್ಲಿ 94 ಮಾತ್ರ ಯಾಕೆ?

ನಮಸ್ಕಾರ ರೀ, ನಾನೂ ವಿಜಯಪುರದವನೇ. ವೈಫೈನಲ್ಲಿ ಮೊಬೈಲ್‌ಗೆ ಪೂರ್ತಿ 200 ಬರುತ್ತದೆ, ಕೇಬಲ್ ಹಾಕಿದ ಕಂಪ್ಯೂಟರ್ ಮಾತ್ರ 94 ದಾಟುತ್ತಿಲ್ಲ ಎಂದಿರಿ, ಅಲ್ವಾ? 94 ಅಂದ ಕೂಡಲೇ ಗೊತ್ತಾಯ್ತು, ನಿಮ್ಮ ಲ್ಯಾನ್ (ರೂಟರ್‌ನಿಂದ ಕಂಪ್ಯೂಟರ್‌ಗೆ ಹೋಗುವ ಕೇಬಲ್ ಸಂಪರ್ಕ) 100 ಎಂಬಿಪಿಎಸ್‌ನಲ್ಲೇ ನಿಂತಿದೆ, ಅದರಲ್ಲಿ ಕೈಗೆ ಸಿಗೋದು ಸುಮಾರು 94. ಸುಮ್ನೆ ರೂಟರ್ ಬದಲಿಸಬೇಡಿ.

ಮೊದಲು ಕೇಬಲ್ ನೋಡಿ. ಅದರೊಳಗೆ 8 ತಂತಿ, ಅಂದ್ರೆ 4 ಜೋಡಿ ಇರುತ್ತವೆ. 100ಕ್ಕೆ 2 ಜೋಡಿ ಸಾಕು, ಗಿಗಾಬಿಟ್‌ಗೆ (ಅಂದ್ರೆ 1000 ಎಂಬಿಪಿಎಸ್‌ಗೆ) ನಾಲ್ಕೂ ಬೇಕು, ಒಂದು ತಂತಿ ಕೈಕೊಟ್ಟರೂ ಸಾಮಾನ್ಯವಾಗಿ ಕಂಪ್ಯೂಟರ್‌ನ ನೆಟ್‌ವರ್ಕ್ ಕಾರ್ಡ್ (ಕೇಬಲ್ ಸೇರುವ ಭಾಗ) ತಾನಾಗೇ 100ಕ್ಕೆ ಇಳಿಯುತ್ತದೆ, ನೆಟ್ ಮಾತ್ರ ನಡೆಯುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ಗೋಳಗುಮ್ಮಟದ ಹತ್ತಿರ ಇರುವ ನಮ್ಮ ಅಂಗಡಿಯಲ್ಲಿ ಇದೇ ಆಗಿತ್ತು. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದರೆ ಕಂದು ಬಣ್ಣದ ತಂತಿ ತುದಿವರೆಗೆ ಹೋಗೇ ಇರಲಿಲ್ಲ! ತುದಿ ಕತ್ತರಿಸಿ ಹೊಸ ಆರ್‌ಜೆ45 (ಕೇಬಲ್ ತುದಿಯ ಪ್ಲಾಸ್ಟಿಕ್ ಕನೆಕ್ಟರ್) ಒತ್ತಿ ಕೂರಿಸಿ ಕ್ರಿಂಪ್ ಮಾಡಿಸಿದೆ, ಸರಿಹೋಯ್ತು.

ರೂಟರ್‌ನ ಪೋರ್ಟನ್ನೂ ಬದಲಿಸಿ ನೋಡಿ. ಕೆಲವದರಲ್ಲಿ ಒಂದೇ ಪೋರ್ಟ್ ಗಿಗಾಬಿಟ್ ಇರುತ್ತದೆ, ಉಳಿದವು 100.

ಇಷ್ಟಾದರೂ 94 ಅಂದರೆ ಕಂಪ್ಯೂಟರ್‌ನ ನೆಟ್‌ವರ್ಕ್ ಕಾರ್ಡೇ ಹಳೆಯದು, 100ರದ್ದು ಇರಬಹುದು. ಹಾಗಿದ್ದರೆ ಯುಎಸ್‌ಬಿ 3.0 ಗಿಗಾಬಿಟ್ ಅಡಾಪ್ಟರ್ ತಗೊಳ್ಳಿ, ಅದನ್ನು ಕಂಪ್ಯೂಟರ್‌ನ ಯುಎಸ್‌ಬಿ 3.0 ಪೋರ್ಟ್‌ಗೇ (ಸಾಮಾನ್ಯವಾಗಿ ಒಳಗೆ ನೀಲಿ ಬಣ್ಣ ಇರುತ್ತದೆ) ಹಾಕಿ.